ಅಂಗಿ ಗೂಟಕ್ಕೆ, ಅಂಕಿ ಆಟಕ್ಕೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಕಡೆ ಕಾಲೇಜುಗಳ ಕ್ರೀಡಾ ಕೋಣೆಯಲ್ಲಿ ಸಾಮಾನ್ಯವಾಗಿ ಒಂದು ಟ್ರಂಕು ಇರುತ್ತದೆ. ಕಬಡ್ಡಿಗೊಂದು, ಕೊಕ್ಕೊಗೊಂದು, ವಾಲಿಬಾಲಿಗೊಂದು ಸೆಟ್ ಜರ್ಸಿ ಅದರೊಳಗೆ. ಕಬಡ್ಡಿ ತಂಡಕ್ಕೆ ಹನ್ನೆರಡು ಜನ, ಆದ್ದರಿಂದ ಹನ್ನೆರಡು ಅಂಗಿ. ಒಗೆದು ಒಗೆದು 7ರ ತಲೆಯ ಗೆರೆ ಅಳಿಸಿ 1ರಂತೆ ಕಾಣುವುದೂ ಉಂಟು. ಟೂರ್ನಮೆಂಟು ಮುಗಿದ ಮೇಲೆ ಮಡಚಿ, ಎಣಿಸಿ, ಪಿ.ಡಿ. ಸರ್ ಕೈಗೆ ಒಪ್ಪಿಸಬೇಕು. ಮುಂದಿನ ವರ್ಷ ಅದೇ ಅಂಗಿ ಇನ್ನೊಬ್ಬರ ಮೈಮೇಲೆ. ಇಂಥ ಕಾಲೇಜಿನಿಂದ ಹೊರಟ ಹುಡುಗನೋ ಹುಡುಗಿಯೋ ನಾಳೆ ದೇಶಕ್ಕೆ ಆಡಿದರೆ ಆ ಅಂಗಿಗೆ ಏನು ಮಾಡಬೇಕು? ದಾರಿ ಎರಡಿವೆ. ಅಂಗಿಯನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ಗೋಡೆಗೆ ತೂಗುಹಾಕುವುದು ಒಂದು. ಅದರ ಮೇಲಿನ ಅಂಕಿಯನ್ನೇ ಇನ್ನು ಯಾರೂ ತೊಡಬಾರದೆಂದು ಎತ್ತಿಡುವುದು ಇನ್ನೊಂದು. ಎರಡಕ್ಕೂ ನಾವು ‘ಜರ್ಸಿಗೆ ನಿವೃತ್ತಿ’ ಎಂದೇ ಹೇಳುತ್ತೇವೆ. ಆದರೆ ಎರಡೂ ಒಂದಲ್ಲ, ಮತ್ತು ಮೊದಲನೆಯದೇ ಸರಿ ಎಂಬುದು ನನ್ನ ವಾದ.

ಅಂಕಿ ಹುಟ್ಟಿದ್ದು ಗೌರವಕ್ಕಲ್ಲ, ಗುರುತಿಗೆ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಆಟಗಾರರಿಗೆ ಮೊದಲು ಅಂಕಿ ಕೊಟ್ಟವರು 1908ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಎನ್ನುತ್ತಾರೆ. ಆಟಗಾರರ ಪಟ್ಟಿ ಅಚ್ಚಾದ ಪುಸ್ತಿಕೆ ಮಾರಾಟವಾಗಬೇಕಿತ್ತು. ಬೆನ್ನ ಮೇಲೆ ಅಂಕಿ ಇದ್ದರೆ ತಾನೇ ಜನ ಪಟ್ಟಿ ಕೊಳ್ಳುವುದು! 1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡ ಬ್ಯಾಟಿಂಗ್ ಸರದಿಯ ಪ್ರಕಾರ ಅಂಕಿ ಹಂಚಿತು. ಮೂರನೆಯವನಾಗಿ ಬರುವ ಬೇಬ್ ರೂತ್‌ಗೆ 3, ಅವನ ಹಿಂದೆ ಬರುವ ಲೂ ಗೆಹ್ರಿಗ್‌ಗೆ 4. ಊಟದ ಪಂಕ್ತಿಯಲ್ಲಿ ಕೂತ ಜಾಗವಿದ್ದಂತೆ ಅದು; ಎದ್ದ ಮೇಲೆ ಎಲೆ ಹಾಕಿಸಿಕೊಳ್ಳುವವರು ಬೇರೆ. ಹತ್ತೇ ವರ್ಷದಲ್ಲಿ ಜಾಗ ಆಸ್ತಿಯಾಯಿತು. 1939ರಲ್ಲಿ ಗೆಹ್ರಿಗ್ ನರಗಳ ಕಾಯಿಲೆಯಿಂದ ಆಟ ಬಿಟ್ಟಾಗ, 4 ಇನ್ನು ಯಾರಿಗೂ ಇಲ್ಲವೆಂದು ತಂಡ ತೀರ್ಮಾನಿಸಿತು. ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಇಲ್ಲವೆನ್ನುವುದು ಹೇಗೆ? ಇವತ್ತು ಯಾಂಕೀಸ್ ತಂಡದಲ್ಲಿ 1ರಿಂದ 9ರವರೆಗೆ ಒಂದು ಅಂಕಿಯೂ ಆಟದಲ್ಲಿ ಉಳಿದಿಲ್ಲ.

ಗೆಹ್ರಿಗ್‌ಗಿಂತ ಮೊದಲೇ ಇನ್ನೊಬ್ಬನಿದ್ದ. ವೃತ್ತಿಪರ ಕ್ರೀಡೆಯಲ್ಲಿ ಅಂಕಿಗೆ ನಿವೃತ್ತಿ ಸಿಕ್ಕ ಮೊದಲ ಆಟಗಾರ ಅವನೇ, ಟೊರಾಂಟೊ ಮೇಪಲ್ ಲೀಫ್ಸ್ ಐಸ್ ಹಾಕಿ ತಂಡದ ಏಸ್ ಬೈಲಿ. 1933ರ ಡಿಸೆಂಬರಿನಲ್ಲಿ ಎದುರಾಳಿಯೊಬ್ಬ ಹಿಂದಿನಿಂದ ಕೆಡವಿದಾಗ ತಲೆ ಮಂಜುಗಡ್ಡೆಗೆ ಬಡಿದು ಸಾವಿನ ಬಾಗಿಲವರೆಗೆ ಹೋಗಿಬಂದ, ಮತ್ತೆ ಆಡಲಾಗಲಿಲ್ಲ. 1934ರ ಫೆಬ್ರುವರಿ 14ರಂದು ಅವನ ಸಹಾಯಾರ್ಥ ಪಂದ್ಯ ನಡೆಯಿತು, ಅವನ 6ನ್ನು ಎತ್ತಿಡಲಾಯಿತು. ಇಲ್ಲಿಗೆ ಕಥೆ ನಿಲ್ಲಿಸುವವರೇ ಹೆಚ್ಚು. ಮುಂದಿನದು ನಮಗೆ ಬೇಕಾದದ್ದು. ಮೂವತ್ತನಾಲ್ಕು ವರ್ಷಗಳ ಮೇಲೆ, 1968ರಲ್ಲಿ, ಬೈಲಿಯೇ ತನ್ನ ಅಂಕಿಯನ್ನು ರಾನ್ ಎಲ್ಲಿಸ್ ಎಂಬ ಯುವ ಆಟಗಾರನಿಗೆ ಕೊಡಿರೆಂದು ಕ್ಲಬ್ಬನ್ನು ಕೇಳಿದ. ಆ ಹುಡುಗನ ಆಟ ಅವನಿಗೆ ಹಿಡಿಸಿತ್ತು. ಎಲ್ಲಿಸ್ 6 ತೊಟ್ಟು ಆಡಿದ. ಈ ಪದ್ಧತಿಯ ಮೊದಲ ಫಲಾನುಭವಿಯೇ ಅದನ್ನು ಮುರಿಯಿರೆಂದು ಕೇಳಿದ್ದ! 2016ರಲ್ಲಿ ಅದೇ ಕ್ಲಬ್ ನೂರರ ಸಂಭ್ರಮದಲ್ಲಿ ತಾನು ಗೌರವಿಸಿದ ಹಳಬರ ಅಂಕಿಗಳನ್ನೆಲ್ಲ ನಿವೃತ್ತಿಗೊಳಿಸಿತು ಎಂದು ನೀವು ನೆನಪಿಸಬಹುದು. ನಿಜ. ಆದರೆ ಅದು ಕ್ಲಬ್ಬಿನ ಅಭಿಪ್ರಾಯ, ಬೈಲಿಯದಲ್ಲ.

ಕಾಲೇಜುಗಳು ಈ ಗಂಟನ್ನು ಬೇಗ ಬಿಡಿಸಿಕೊಂಡವು, ಕಾರಣ ಬಡತನ. ಹಣದ ಬಡತನವಲ್ಲ, ಅಂಕಿಗಳದು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಬಹುಕಾಲ 0ಯಿಂದ 5ರವರೆಗಿನ ಅಂಕಿಗಳಿಂದಲೇ ಸಂಖ್ಯೆ ಕಟ್ಟಬೇಕಿತ್ತು, ಏಕೆಂದರೆ ತಪ್ಪು ಮಾಡಿದವನ ಸಂಖ್ಯೆಯನ್ನು ರೆಫರಿ ಕೈಬೆರಳಲ್ಲಿ ತೋರಿಸಬೇಕು. ಒಂದು ಕೈಗೆ ಐದೇ ಬೆರಳು. ಹಾಗೆ ಲೆಕ್ಕ ಹಾಕಿದರೆ ಸಿಗುವುದು ಒಟ್ಟು 37 ಸಂಖ್ಯೆ. ಇದರಲ್ಲಿ ಹತ್ತು ಹದಿನೈದನ್ನು ಎತ್ತಿಟ್ಟರೆ ಹೊಸ ಹುಡುಗರಿಗೆ ಉಳಿಯುವುದೇನು? ಅದಕ್ಕೇ ಕೆಂಟಕಿ ವಿಶ್ವವಿದ್ಯಾಲಯ ಜರ್ಸಿಗೆ ಮಾತ್ರ ನಿವೃತ್ತಿ ಎಂದಿತು. ಅಂಗಿ ಕ್ರೀಡಾಂಗಣದ ಛಾವಣಿಗೆ ಏರುತ್ತದೆ, ಸಂಖ್ಯೆ ಮರುವರ್ಷ ಬೇರೆಯವರಿಗೆ. ನಾರ್ತ್ ಕೆರೊಲಿನಾ ಎರಡು ಪಂಕ್ತಿ ಮಾಡಿತು: ರಾಷ್ಟ್ರದ ಶ್ರೇಷ್ಠ ಆಟಗಾರನೆನಿಸಿದ ಕೆಲವೇ ಜನರ ಸಂಖ್ಯೆಗೆ ನಿವೃತ್ತಿ, ಮೈಕೆಲ್ ಜೋರ್ಡಾನನ 23 ಅಂಥದ್ದು, ಉಳಿದ ಗಣ್ಯರ ಜರ್ಸಿಗೆ ತೂಗುಹಾಕುವ ಗೌರವ ಮಾತ್ರ. 2023ರಲ್ಲಿ ನಿಯಮ ಸಡಿಲಾಗಿ 99ರವರೆಗೂ ಅವಕಾಶ ಸಿಕ್ಕಿತು. ಹಾಗಾದರೆ ಕೊರತೆಯ ವಾದ ಬಿದ್ದಿತಲ್ಲ ಎಂದರೆ, ಬೀಳಲಿ. ಅದಕ್ಕಿಂತ ಗಟ್ಟಿಯಾದ ವಾದವೊಂದಿದೆ.

ಅದು ಸಿರಕ್ಯೂಸ್ ವಿಶ್ವವಿದ್ಯಾಲಯದ 44ರದು. ಜಿಮ್ ಬ್ರೌನ್ ಎಂಬ ಕಪ್ಪು ಯುವಕ ಅಲ್ಲಿನ ಫುಟ್‌ಬಾಲ್ ತಂಡದಲ್ಲಿ 44 ತೊಟ್ಟು 1956ರವರೆಗೆ ಆಡಿದ. ಆ ಆಟದ ಸರ್ವಕಾಲಿಕ ಶ್ರೇಷ್ಠರಲ್ಲಿ ಅವನೊಬ್ಬ. ಅವನು ಹೋದ ಮೇಲೆ ಸಂಖ್ಯೆಯನ್ನು ಬೀಗ ಹಾಕಿ ಇಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಇಡಲಿಲ್ಲ. ಎರ್ನಿ ಡೇವಿಸ್ ಅದೇ 44 ತೊಟ್ಟ, 1961ರಲ್ಲಿ ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಆಟಗಾರನಾದ. ಅವನ ನಂತರ ಫ್ಲಾಯ್ಡ್ ಲಿಟಲ್. ಕೈಯಿಂದ ಕೈಗೆ ದಾಟಿದಷ್ಟೂ ಆ ಸಂಖ್ಯೆಯ ತೂಕ ಏರಿತು. ವಿಶ್ವವಿದ್ಯಾಲಯದ ಪಿನ್‌ಕೋಡ್ ಕೂಡ 13244. 2005ರಲ್ಲಿ ಅದಕ್ಕೆ ನಿವೃತ್ತಿ ಘೋಷಿಸಿದರು. ಆದರೆ ಅವರು ಗೌರವಿಸಿದ್ದು ಒಬ್ಬನನ್ನಲ್ಲ, ಒಂದು ಸರಪಳಿಯನ್ನು. 1957ರಲ್ಲೇ ನಿವೃತ್ತಿ ಮಾಡಿದ್ದರೆ ಆ ಸರಪಳಿ ಮೊದಲ ಕೊಂಡಿಗೇ ನಿಂತುಹೋಗುತ್ತಿತ್ತು.

ನಮ್ಮ ದೇಶಕ್ಕೆ ಬರೋಣ. ಸಚಿನ್ ತೆಂಡೂಲ್ಕರ್ 2012ರಲ್ಲಿ ಕೊನೆಯ ಏಕದಿನ ಪಂದ್ಯ ಆಡಿದರು. 2017ರ ಆಗಸ್ಟಿನಲ್ಲಿ ಕೊಲಂಬೊದಲ್ಲಿ ಶಾರ್ದೂಲ್ ಠಾಕೂರ್ ತಮ್ಮ ಮೊದಲ ಏಕದಿನ ಪಂದ್ಯಕ್ಕೆ 10 ತೊಟ್ಟು ಇಳಿದದ್ದೇ ತಡ, ಜನ ಮುಗಿಬಿದ್ದರು. ಅವರು 54ಕ್ಕೆ ಸರಿದರು. ಕ್ರಿಕೆಟ್ ಮಂಡಳಿ ಸದ್ದಿಲ್ಲದೆ 10ನ್ನು ಒಳಗಿಟ್ಟಿತು. 2023ರಲ್ಲಿ ಧೋನಿಯ 7 ಕೂಡ ಹೋಯಿತು. ಅದೇ ವರ್ಷ ನಮ್ಮ ಬೆಂಗಳೂರಿನ ಆರ್‌ಸಿಬಿ ಡಿವಿಲಿಯರ್ಸರ 17ಕ್ಕೂ ಗೇಲ್ ಅವರ 333ಕ್ಕೂ ನಿವೃತ್ತಿ ಕೊಟ್ಟಿತು. (333ನ್ನು ಇನ್ಯಾರಾದರೂ ಕೇಳುತ್ತಿದ್ದರೇ ಎಂಬುದು ಬೇರೆ ಮಾತು.) ಇವುಗಳಲ್ಲೆಲ್ಲ ಜಾಣತನದ್ದು ಹಾಕಿ ಇಂಡಿಯಾದ ತೀರ್ಮಾನ. 2024ರ ಆಗಸ್ಟಿನಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಅವರ 16ನ್ನು ಹಿರಿಯರ ತಂಡದಲ್ಲಿ ಎತ್ತಿಟ್ಟರು. ಕಿರಿಯರ ತಂಡದಲ್ಲಿ ಮಾತ್ರ ಬಿಟ್ಟರು. ಅದೇ ಕಿರಿಯರಿಗೆ ಆಗ ಕೋಚ್ ಆದವರೂ ಶ್ರೀಜೇಶರೇ.

ಕಿರಿಯರಿಗೆ ಬಿಟ್ಟದ್ದು ಏಕೆ ಸರಿ ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿ ವೀರಗಲ್ಲುಗಳಿವೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಊರಿಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಹೋರಾಡಿ ಮಡಿದದ್ದು ನಮಗೆ ಗೊತ್ತಿರುವುದೇ ಹಾನಗಲ್ಲಿನ ವೀರಗಲ್ಲೊಂದರಿಂದ. ಕಲ್ಲು ಒಬ್ಬನದೇ, ಅದನ್ನು ಇನ್ನೊಬ್ಬನಿಗೆ ಕೊಡುವಂತಿಲ್ಲ. ಹೆಸರಿನ ವಿಷಯ ಹಾಗಲ್ಲ. ಹಾನಗಲ್ಲ ಕದಂಬರಲ್ಲಿ ತೈಲಪನೆಂಬ ಹೆಸರು ಇನ್ನೊಬ್ಬ ಅರಸನಿಗೆ ಮರಳಿ ಬಂತು. ಈಗಲೂ ಈ ಸೀಮೆಯ ಮನೆಗಳಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಆಮೇಲೆ ನೋಡಿ ಮಜಾ: ಮಾವನ ಹೆಸರು ಹಿಡಿದು ಕರೆಯಬಾರದಲ್ಲ, ಅದಕ್ಕೆ ಸೊಸೆ ತನ್ನ ಕೂಸನ್ನೇ ‘ಅಜ್ಜಪ್ಪಾ, ಬಾರೋ’ ಎನ್ನುತ್ತಾಳೆ. ಹೆಸರು ಇನ್ನೊಬ್ಬನಿಗೆ ಹೋದರೆ ಗೌರವ ತೆಳುವಾಗುತ್ತದೆ ಎನ್ನುವವರಿಗೆ ಇದೇ ಉತ್ತರ. ತೆಳುವಾಗಲಿಲ್ಲ, ತೊಟ್ಟಿಲವರೆಗೂ ಬಂತು. ದೀಪಾವಳಿಯ ಹೋರಿ ಬೆದರಿಸುವ ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ಕೊಬ್ಬರಿ ಹಾರ ಕಟ್ಟಿಕೊಂಡು ಓಡುವ ಹೋರಿಗೊಂದು ಹೆಸರು, ಕೆಲವಕ್ಕೆ ಹೆಸರಿನ ಜೊತೆ ಒಂದು ಅಂಕಿ, ಹಿಂದೆ ಅಭಿಮಾನಿ ಬಳಗ. ಹೆಸರುವಾಸಿ ಹೋರಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ. ಆ ಮನೆಯ ಕೊಟ್ಟಿಗೆ ಮಾತ್ರ ಖಾಲಿ ಉಳಿಯುವುದಿಲ್ಲ. ಅದೇ ಗೂಟಕ್ಕೆ ಇನ್ನೊಂದು ಕರು ಕಟ್ಟುತ್ತಾರೆ.

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವ ಆಕ್ಷೇಪ ಬೇರೆ. ದೊಡ್ಡವರ ಅಂಕಿ ಎಳೆಯ ಬೆನ್ನಿಗೆ ಭಾರವಾಗುತ್ತದೆ. ಶಾರ್ದೂಲರ ಗತಿ ನೋಡಿದಿರಲ್ಲ ಎನ್ನುತ್ತಾರೆ. ಇದನ್ನು ತಳ್ಳಿಹಾಕಲಾರೆ. ಆದರೆ ಅಲ್ಲಿ ಭಾರ ಹೊರಿಸಿದ್ದು ಅಂಕಿಯೋ, ನೋಡುಗರೋ? ಎಲ್ಲಿಸ್‌ಗೆ 6 ಭಾರವಾಗಲಿಲ್ಲ, ಏಕೆಂದರೆ ಹಿರಿಯನೇ ಕರೆದು ಕೊಟ್ಟಿದ್ದ. ಕೇಳಿ ಪಡೆದವರಿಗೆ, ಹಿರಿಯರ ಒಪ್ಪಿಗೆಯೊಂದಿಗೆ ಕೊಟ್ಟರೆ ಸಾಕು, ಬಲವಂತ ಬೇಡ. ಸಾವಿನ ಮಾತು ಬೇರೆ. 2014ರಲ್ಲಿ ಚೆಂಡು ಬಡಿದು ತೀರಿಕೊಂಡ ಕ್ರಿಕೆಟಿಗ ಫಿಲಿಪ್ ಹ್ಯೂಸ್ ಅವರ 64ನ್ನು ಆಸ್ಟ್ರೇಲಿಯ ಎತ್ತಿಟ್ಟಿತು. ಅಲ್ಲಿ ವಾದ ಹೂಡುವುದು ಸಲ್ಲದು. ಜಾಕಿ ರಾಬಿನ್ಸನ್‌ನ 42 ಇನ್ನೊಂದು ಬಗೆ. ವರ್ಣಭೇದದ ಗೋಡೆ ಒಡೆದವನ ಆ ಸಂಖ್ಯೆಯನ್ನು 1997ರಲ್ಲಿ ಅಮೆರಿಕದ ಬೇಸ್‌ಬಾಲ್ ಲೀಗಿನುದ್ದಕ್ಕೂ ನಿಲ್ಲಿಸಿದರು. ಆದರೂ ಈಗ ಪ್ರತಿವರ್ಷ ಏಪ್ರಿಲ್ 15ರಂದು ಎಲ್ಲ ತಂಡಗಳ ಎಲ್ಲರೂ 42 ತೊಟ್ಟೇ ಆಡುತ್ತಾರೆ. ಎತ್ತಿಟ್ಟವರಿಗೂ ವರ್ಷಕ್ಕೊಂದು ದಿನ ಅದನ್ನು ಹೊರಗೆ ತೆಗೆಯದೆ ಇರಲಾಗಲಿಲ್ಲ.

ಮತ್ತೆ ನಮ್ಮ ಟ್ರಂಕಿಗೆ. ಹನ್ನೆರಡು ಅಂಗಿಯ ಸೆಟ್ಟಿನಲ್ಲಿ ಒಂದು ಅಂಕಿ ತೆಗೆದರೂ ಹನ್ನೆರಡನೆಯ ಹುಡುಗನಿಗೆ ಬೇರೆ ಹೊಲಿಸಬೇಕು. ಅಂಗಿಯನ್ನು ತೆಗೆದರೆ ಖರ್ಚು ಒಂದು ಅಂಗಿ, ಒಂದು ಗಾಜು, ಒಂದು ಮೊಳೆ. ಪ್ರಾಂಶುಪಾಲರ ಕೋಣೆಯಲ್ಲಿ ‘ಯೂನಿವರ್ಸಿಟಿ ಬ್ಲೂ’ ಆದವರ, ಅಂದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರ, ಹೆಸರಿನ ಫಲಕವಿದ್ದರೆ ಅದರ ಪಕ್ಕದಲ್ಲೇ ತೂಗುಹಾಕಲಿ. ಚೌಕಟ್ಟಿನ ಕೆಳಗೆ ಒಂದು ಹಲಗೆ ಇರಲಿ: ಈ ಅಂಕಿಯನ್ನು ಮೊದಲು ಯಾರು ತೊಟ್ಟರು, ಆಮೇಲೆ ಯಾರು, ಯಾವ ವರ್ಷ. ಹಲಗೆ ಬರೆಯುವ ಪೇಂಟರನಿಗೆ ಒಂದು ಮಾತು ಹೇಳಿದರೆ ಸಾಕು, ಕೆಳಗೆ ಹತ್ತು ಹನ್ನೆರಡು ಸಾಲು ಖಾಲಿ ಬಿಡು ಅಂತ.