ಪಾಠಕ್ಕೂ ಮುಯ್ಯಾಳು
(ಶಾಲೆಯ ಪೋಷಕರ ಸಭೆಯಲ್ಲಿ ಪ್ರೌಢಶಾಲೆಯ ಗಣಿತದ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಹೊಲದ ಕೆಲಸ ಬಿಟ್ಟು ಈ ಸಂಜೆ ಶಾಲೆಯ ಅಂಗಳಕ್ಕೆ ಬಂದಿದ್ದೀರಿ. ನಿಮ್ಮ ಹೊತ್ತು ಎಷ್ಟು ಬೆಲೆಯುಳ್ಳದ್ದೆಂಬುದನ್ನು ನಾನು ಬಲ್ಲೆ. ಆದ್ದರಿಂದ ಒಂದೇ ಒಂದು ವಿಷಯವನ್ನು ಹೇಳಿ ಮುಗಿಸುತ್ತೇನೆ.

ನಾಟಿಯ ಕಾಲದಲ್ಲಿ ನೀವು ಒಬ್ಬರಿಗೊಬ್ಬರು ಮುಯ್ಯಾಳಾಗಿ ದುಡಿಯುತ್ತೀರಿ. ಇಂದು ನಿಮ್ಮ ಗದ್ದೆಗೆ ನೆರೆಯವರು ಬರುತ್ತಾರೆ. ನಾಳೆ ಅವರ ಗದ್ದೆಗೆ ನೀವು ಹೋಗುತ್ತೀರಿ. ಅಲ್ಲಿ ಕೂಲಿಯ ಮಾತಿಲ್ಲ. ಒಬ್ಬನಿಗೆ ಎಂಟು ದಿನ ಹಿಡಿಯುವ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಉಪಾಧ್ಯಾಯರಾದ ನಾವು ಕೂಡ ಈಗ ಪಾಠಗಳಿಗೆ ಇಂಥದೇ ಮುಯ್ಯಿ ಮಾಡುತ್ತಿದ್ದೇವೆ. ಒಬ್ಬರು ತಮ್ಮ ತರಗತಿಗೆಂದು ತಯಾರಿಸಿದ ಪಾಠೋಪಕರಣವನ್ನು ಅಂತರಜಾಲದಲ್ಲಿ ಇಡುತ್ತಾರೆ. ನೂರು ಮೈಲಿ ದೂರದ ಮತ್ತೊಬ್ಬರು ಅದನ್ನು ತೆಗೆದುಕೊಂಡು ತಮ್ಮ ಮಕ್ಕಳಿಗೆ ಕಲಿಸುತ್ತಾರೆ. ಈ ಮುಯ್ಯಿಯ ಫಲ ನಿಮ್ಮ ಮಕ್ಕಳ ಕೈಗೆ ಸೇರಬೇಕಾದರೆ ನಿಮ್ಮ ಕೈಯೂ ಸೇರಬೇಕು. ನಾನು ಹೇಳಬಂದಿರುವುದು ಇಷ್ಟೇ.

ಮೊದಲು ಈ ಉಪಕರಣಗಳು ಯಾವುವೆಂಬುದನ್ನು ತಿಳಿಯೋಣ. ನಿಮ್ಮ ಮಗುವಿನ ಪಠ್ಯಪುಸ್ತಕವನ್ನು ಬಿಡಿಸಿ ನೋಡಿರಿ. ಪಾಠದ ಪುಟದಲ್ಲಿ ಕಪ್ಪು ಬಿಳುಪಿನ ಚುಕ್ಕಿಗಳ ಒಂದು ಚೌಕವಿರುತ್ತದೆ. ಗೊಬ್ಬರದ ಅಂಗಡಿಯಲ್ಲಿ ಹಣ ಕೊಡಲು ನೀವು ಫೋನು ಹಿಡಿಯುವ ಕ್ಯೂಆರ್ ಕೋಡಿನಂಥದೇ ಇದು. ಆದರೆ ಇಲ್ಲಿ ಹಣ ಕೊಡುವುದೇನೂ ಇಲ್ಲ. ದೀಕ್ಷಾ ಎಂಬ ಆ್ಯಪಿನಲ್ಲಿ ಫೋನನ್ನು ಆ ಗುರುತಿಗೆ ಹಿಡಿದರೆ ಆ ಪಾಠಕ್ಕೆ ಸಂಬಂಧಪಟ್ಟ ಚಿತ್ರ, ಚಲನಚಿತ್ರ, ಅಭ್ಯಾಸದ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ದೀಕ್ಷಾವನ್ನು ಭಾರತ ಸರ್ಕಾರವು 2017ರಲ್ಲಿ ಉಪಾಧ್ಯಾಯರಿಗಾಗಿ ಆರಂಭಿಸಿತು. ಇಂದು ಮಕ್ಕಳೂ ಪೋಷಕರೂ ಅದನ್ನು ಉಚಿತವಾಗಿ ಬಳಸಬಹುದು. ಒಮ್ಮೆ ಇಳಿಸಿಕೊಂಡ ಪಾಠವನ್ನು ಆಮೇಲೆ ನೆಟ್‌ವರ್ಕ್ ಇಲ್ಲದ ಕಡೆಯೂ ನೋಡಬಹುದು.

ನಮ್ಮ ನಾಡಿನಲ್ಲೇ ಹುಟ್ಟಿದ ಇನ್ನೊಂದು ಭಂಡಾರವೂ ಇದೆ. ಅದರ ಹೆಸರು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು. ರಾಜ್ಯದ ಶಿಕ್ಷಣ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ನಡೆಸಿದ ಈ ಕೆಲಸದಲ್ಲಿ ಸರ್ಕಾರಿ ಶಾಲೆಗಳ ಉಪಾಧ್ಯಾಯರೇ ಪಾಠಗಳನ್ನು ಬರೆದಿದ್ದಾರೆ. ಚಿಕ್ಕ ಮಕ್ಕಳಿಗೆ ಓದಲು ಕನ್ನಡದ ಕಥೆಗಳು ಬೇಕಾದರೆ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ಇದೆ. ಫೆಟ್ ಎಂಬುದನ್ನು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಆರಂಭಿಸಿದರು. ಬ್ಯಾಟರಿ, ತಂತಿ, ಬಲ್ಬುಗಳನ್ನು ಜೋಡಿಸಿ ದೀಪ ಹತ್ತಿಸುವ ಪ್ರಯೋಗವನ್ನು ಅದರಲ್ಲಿ ತೆರೆಯ ಮೇಲೆ ಮಾಡಬಹುದು. ಅದರ ಹಲವು ಪ್ರಯೋಗಗಳು ಕನ್ನಡಕ್ಕೂ ಬಂದಿವೆ. ಪ್ರಯೋಗಶಾಲೆಯಿಲ್ಲದ ಶಾಲೆಗೆ ಇದು ದೊಡ್ಡ ಸಹಾಯ.

ಇವುಗಳಲ್ಲಿ ಅನೇಕವನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಯಡಿ ಬಿಟ್ಟುಕೊಟ್ಟಿದ್ದಾರೆ. ಇದರ ಅರ್ಥವನ್ನು ನಿಮ್ಮ ಮಾತಿನಲ್ಲೇ ಹೇಳುತ್ತೇನೆ. ಊರ ಗುಂಡುತೋಪು ಒಬ್ಬರ ಸ್ವತ್ತಲ್ಲ. ನೆರಳು ಎಲ್ಲರಿಗೂ ಸೇರಿದ್ದು. ಆದರೆ ಅದಕ್ಕೂ ಕಟ್ಟುಪಾಡು ಉಂಟು. ಇಲ್ಲಿಯೂ ಹಾಗೆಯೇ. ಪಾಠವನ್ನು ತೆಗೆದುಕೊಳ್ಳಬಹುದು, ಮೊದಲು ಮಾಡಿದವರ ಹೆಸರನ್ನು ಮರೆಸುವಂತಿಲ್ಲ. ಕೆಲವು ಪಾಠಗಳಿಗೆ ಇನ್ನೊಂದು ಷರತ್ತಿದೆ: ನಾವು ತಿದ್ದಿ ಉತ್ತಮಪಡಿಸಿದ್ದನ್ನೂ ಎಲ್ಲರಿಗೂ ಅದೇ ರೀತಿ ಬಿಟ್ಟುಕೊಡಬೇಕು. ಗೋಮಾಳದ ಹುಲ್ಲು ಮೇದಷ್ಟೂ ಮುಗಿಯುತ್ತದೆ. ಪಾಠ ಮಾತ್ರ ಕೊಟ್ಟಷ್ಟೂ ಮುಗಿಯುವುದಿಲ್ಲ.

ಇನ್ನು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು.

2020ರ ಮಾರ್ಚಿಯಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದವು. ಆಗ ನಾನು ಜಿಯೋಜೀಬ್ರಾ ಎಂಬ ಗಣಿತದ ಉಪಕರಣದಿಂದ ಒಂದು ಪಾಠವನ್ನು ಮಾಡಿದೆ. ಆಸ್ಟ್ರಿಯಾ ದೇಶದ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು ತಮ್ಮ ವಿದ್ಯಾರ್ಥಿ ದೆಸೆಯಲ್ಲಿ ಕಟ್ಟಿದ ಉಪಕರಣವದು. ಅದರಲ್ಲಿ ಮೂರು ಮೂಲೆಯ ಹೊಲವೊಂದನ್ನು ಬರೆದೆ. ಒಂದು ಬದುವಿನ ಉದ್ದ 132 ಅಡಿ. ಅದಕ್ಕೆ ಎದುರಿನ ಮೂಲೆ ನೇರ ಅಳತೆಯಲ್ಲಿ 66 ಅಡಿ ದೂರ. ಎರಡನ್ನೂ ಗುಣಿಸಿ ಅರ್ಧ ಮಾಡಿದರೆ 4356 ಚದರಡಿ. ಗುಂಟೆಗೆ 1089 ಚದರಡಿಯಾದ್ದರಿಂದ ಆ ಹೊಲ ಸರಿಯಾಗಿ 4 ಗುಂಟೆ. ಈಗ ಎದುರಿನ ಮೂಲೆಯನ್ನು ಬದುವಿಗೆ ಸಮಾನಾಂತರವಾಗಿ ಎಷ್ಟು ಎಳೆದರೂ ಆಕಾರ ಬದಲಾಗುತ್ತದೆಯೇ ಹೊರತು ಗುಂಟೆ ಬದಲಾಗುವುದಿಲ್ಲ. ತೆರೆಯ ಮೇಲೆ ಬೆರಳಿನಿಂದ ಎಳೆದು ಇದನ್ನು ಕಾಣಬಹುದು. ಪಾಠವನ್ನು ಮಕ್ಕಳ ಫೋನುಗಳಿಗೆ ಕಳುಹಿಸಿ ನನ್ನ ಕೆಲಸವಾಯಿತೆಂದು ಸುಮ್ಮನಾದೆ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯಿಂದ ಮಾತ್ರ ಉತ್ತರವೇ ಬರಲಿಲ್ಲ. ಅವಳು ಓದಿನಲ್ಲಿ ಉದಾಸೀನಳೆಂದು ಭಾವಿಸಿದೆ. ಆ ವರ್ಷ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಕಾರ್ಯಕ್ರಮ ಬಂತು. ಉಪಾಧ್ಯಾಯರೇ ಊರೂರಿಗೆ ಹೋಗಿ ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಬೇಕಾಯಿತು. ಆಗ ಅವಳ ಮನೆಗೆ ಹೋದೆ. ಅವಳ ತಂದೆ ಕೈಮುಗಿದು ಹೇಳಿದರು: “ಮೇಷ್ಟ್ರೇ, ಮನೆಗೆಲ್ಲ ಇರೋದು ಒಂದೇ ಫೋನು. ಟೊಮೇಟೊ ಹೇರಿಕೊಂಡು ನಾನು ಮಾರ್ಕೆಟ್ಟಿಗೆ ಹೋದರೆ ಅದೂ ನನ್ನ ಜೊತೆಗೇ ಹೋಗ್ತದೆ. ರಾತ್ರಿ ಬರೋ ಹೊತ್ತಿಗೆ ಚಾರ್ಜ್ ಇರೋದಿಲ್ಲ. ಇದ್ದರೂ ದೊಡ್ಡ ಮಗ ಹಿಡಕೊಂಡು ಕೂತಿರ್ತಾನೆ.” ಹುಡುಗಿ ಒಳಗಿನಿಂದ ನೋಟ್‌ಪುಸ್ತಕ ತಂದು ತೋರಿಸಿದಳು. ಪಕ್ಕದ ಮನೆಯ ಗೆಳತಿಯ ಫೋನು ನೋಡಿ ನನ್ನ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ಆದರೆ ಕಾಗದದ ಮೇಲಿನ ಮೂಲೆ ಎಳೆದರೆ ಬರುವುದೆಲ್ಲಿ? ಉದಾಸೀನ ಮಾಡಿದವನು ನಾನೇ ಎಂದು ಅಂದು ತಿಳಿಯಿತು.

ಅಲ್ಲೇ ಅಂಗಳದಲ್ಲಿ ಎರಡು ಗೂಟಗಳನ್ನು 12 ಅಡಿ ಅಂತರದಲ್ಲಿ ನೆಟ್ಟೆವು. ಅವಕ್ಕೆ ಎದುರಾಗಿ 6 ಅಡಿ ದೂರದಲ್ಲಿ ಬೂದಿಯಿಂದ ಒಂದು ಗೆರೆ ಎಳೆದೆವು. ಮೂರನೆಯ ಗೂಟವನ್ನು ಮೊದಲು ಆ ಗೆರೆಯ ನಡುವೆ ನೆಟ್ಟು ಮೂರಕ್ಕೂ ಹಗ್ಗ ಸುತ್ತಿದೆವು. ವಿಸ್ತೀರ್ಣ 36 ಚದರಡಿ. ಆಮೇಲೆ ಆ ಗೂಟವನ್ನು ಗೆರೆಯ ಮೇಲೆಯೇ ದೂರಕ್ಕೆ ಸರಿಸಿದೆವು. ತಳವೂ ಎತ್ತರವೂ ಅವೇ ಆದ್ದರಿಂದ ವಿಸ್ತೀರ್ಣ ಆಗಲೂ 36 ಚದರಡಿಯೇ. ಆದರೆ ಹಗ್ಗ ಸಾಲದೆ ಹೋಯಿತು. ಆಗ ಹುಡುಗಿ ಕೇಳಿದಳು: “ಸಾರ್, ಹೊಲ ಅಷ್ಟೇ ಇದ್ದರೂ ಬೇಲಿಗೆ ತಂತಿ ಜಾಸ್ತಿ ಬೇಕಾಯಿತಲ್ಲ?”

ನನ್ನ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ನನಗೆ ಅದು ಹೊಳೆದೇ ಇರಲಿಲ್ಲ. ಬೇಲಿ ಹಾಕಿದವರ ಮನೆಯ ಮಗಳಿಗೆ ಹೊಳೆಯಿತು. ಹಗ್ಗ, ಗೂಟ, ಬೂದಿಯ ಪಾಠವನ್ನು ಅವಳ ಪ್ರಶ್ನೆಯೊಡನೆ ಬರೆದು ಇತರ ಉಪಾಧ್ಯಾಯರೊಡನೆ ಹಂಚಿಕೊಂಡೆ. ಕೆಲವು ತಿಂಗಳಾದ ಮೇಲೆ ಬೇರೆ ಜಿಲ್ಲೆಯ ಒಬ್ಬರು ಅದಕ್ಕೆ ತಂತಿಯ ಖರ್ಚಿನ ಲೆಕ್ಕವನ್ನು ಸೇರಿಸಿ ಹಿಂದಿರುಗಿಸಿದರು. ಇಂದು ನಮ್ಮ ಶಾಲೆಯಲ್ಲಿ ನಾನು ಕಲಿಸುವುದು ಅವರು ತಿದ್ದಿದ ಪಾಠವನ್ನೇ. ಮುಯ್ಯಿ ತೀರಿತು, ಬಡ್ಡಿಯೊಡನೆ ತೀರಿತು.

ಬಾಂಧವರೆ, ಈಗ ನಿಮ್ಮಿಂದ ಆಗಬೇಕಾದ ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು, ದಿನಕ್ಕೆ ಅರ್ಧ ಗಂಟೆ ಮನೆಯ ಫೋನು ಮಗುವಿನ ಪಾಠಕ್ಕೆ ಮೀಸಲಾಗಿರಲಿ. ಮಗನಿಗೆ ಒಂದು ದಿನವಾದರೆ ಮಗಳಿಗೆ ಒಂದು ದಿನ. ಆ ಹೊತ್ತಿನಲ್ಲಿ ನೀವೂ ಪಕ್ಕದಲ್ಲಿ ಕೂತಿರಿ. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. “ಇಂದು ಏನು ಕಲಿತೆ, ನನಗೆ ಹೇಳು” ಎಂದು ಕೇಳಿದರೆ ಸಾಕು. ಹೇಳಿಕೊಡಹೊರಟ ಮಗು ತಾನೇ ಚೆನ್ನಾಗಿ ಕಲಿಯುತ್ತದೆ.

ಎರಡನೆಯದು, ಫೋನಿಲ್ಲದ ಮನೆಯವರು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಮಗುವನ್ನು ಕಳುಹಿಸಿರಿ. ಇವನ್ನು ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ಹಲವೆಡೆ ಕಂಪ್ಯೂಟರುಗಳೂ ಇವೆ. ನಿಮ್ಮ ಊರಿನದು ಎಷ್ಟು ಹೊತ್ತು ತೆರೆದಿರುತ್ತದೆ, ಕಂಪ್ಯೂಟರ್ ನಡೆಯುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿರಿ.

ಮೂರನೆಯದು, ಶಾಲಾಭಿವೃದ್ಧಿ ಸಮಿತಿಯ ಸಭೆ ಕರೆದಾಗ ತಪ್ಪದೆ ಬನ್ನಿರಿ. ಆ ಸಮಿತಿಯಲ್ಲಿರುವವರು ನಿಮ್ಮಂಥ ಪೋಷಕರೇ. ಶಾಲೆಯ ಕಂಪ್ಯೂಟರ್ ಕೆಟ್ಟು ಎಷ್ಟು ದಿನವಾಯಿತು, ಬೀಗದ ಕೈ ಯಾರ ಬಳಿ ಇದೆ ಎಂದು ಕೇಳುವುದು ನಿಮ್ಮ ಹಕ್ಕು. ನಮ್ಮನ್ನು ಕೇಳಲು ಸಂಕೋಚಪಡಬೇಡಿರಿ. ಬೀಗ ಹಾಕಿದ ಉಪಕರಣವೂ ಹಗೇವಿನಲ್ಲಿ ಮುಗ್ಗಿದ ಕಾಳೂ ಒಂದೇ.

ನಾಲ್ಕನೆಯದು, ಎಚ್ಚರಿಕೆ. ಪಾಠದ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ, ಓಟಿಪಿ ಕೇಳಿದರೆ ಕೊಡಬೇಡಿರಿ. ಮಗುವಿನ ಭಾವಚಿತ್ರವನ್ನೂ ವಿಳಾಸವನ್ನೂ ಗುರುತಿಲ್ಲದವರಿಗೆ ಕಳುಹಿಸಬೇಡಿರಿ. ಅಂತರಜಾಲದಲ್ಲಿ ಬಂದದ್ದೆಲ್ಲವೂ ನಿಜವಲ್ಲ. ಬಿತ್ತುವ ಮೊದಲು ಬೀಜದ ಮೊಳಕೆ ಪರೀಕ್ಷಿಸುವಂತೆ, ಪಾಠವನ್ನು ಪರೀಕ್ಷಿಸಿಯೇ ತರಗತಿಗೆ ತರುವುದು ಉಪಾಧ್ಯಾಯರ ಹೊಣೆ.

ಕಡೆಯದಾಗಿ ಒಂದು ಮಾತು. ಕೊಡುವುದು ನಾವು, ತೆಗೆದುಕೊಳ್ಳುವುದು ನೀವು ಎಂದು ತಿಳಿಯಬೇಡಿರಿ. ಯಾವ ಮಳೆಗೆ ಯಾವ ಬಿತ್ತನೆ, ಕೆರೆಯ ತೂಬಿನಿಂದ ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಅಜ್ಜಿ ಕಾಲದ ಬಿತ್ತನೆ ಬೀಜವನ್ನು ಕೆಡದಂತೆ ಇಡುವುದು ಹೇಗೆ ಎಂಬುದು ನಿಮಗೆ ಗೊತ್ತು. ವರ್ಷಕ್ಕೊಂದು ದಿನ ಶಾಲೆಗೆ ಬಂದು ಮಕ್ಕಳಿಗೆ ಹೇಳಿರಿ. ನಿಮ್ಮ ಒಪ್ಪಿಗೆ ಪಡೆದು ನಾವು ಅದನ್ನು ಬರೆದು ಭಂಡಾರಕ್ಕೆ ಸೇರಿಸುತ್ತೇವೆ. ಆಗ ನಮ್ಮ ಊರಿನ ವಿದ್ಯೆಯಿಂದ ಬೇರೆ ಊರಿನ ಮಕ್ಕಳು ಕಲಿಯುವರು. ಹನಿಹನಿ ಕೂಡಿದರೆ ಹಳ್ಳವೆಂದು ನೀವೇ ಹೇಳುತ್ತೀರಿ.

ಇಂದು ರಾತ್ರಿ ಊಟವಾದ ಮೇಲೆ ಮಗುವಿನ ಪುಸ್ತಕವನ್ನು ತರಿಸಿ ಆ ಚೌಕದ ಗುರುತನ್ನು ಒಮ್ಮೆ ಹುಡುಕಿ ನೋಡಿರಿ. ಸಿಗದಿದ್ದರೆ, ಫೋನು ತೆರೆಯದಿದ್ದರೆ, ನಾಳೆ ಬೆಳಿಗ್ಗೆ ಶಾಲೆಗೆ ಬನ್ನಿರಿ. ನಾನು ಅಲ್ಲಿರುತ್ತೇನೆ.