ಒಂದು ತಟ್ಟೆ ಹೆಚ್ಚು



ಮಡಿಕೇರಿ ಹತ್ತಿರದ ನಮ್ಮ ನೆಂಟರ ಮನೆಗೆ ಜರ್ಮನಿಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಹಗಲು ಊರಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ಸೇವೆ, ಸಂಜೆ ತನ್ನ ಓದು, ಊಟ ನಿದ್ದೆ ಎಲ್ಲ ಮನೆಯವರ ಜೊತೆಗೇ.

ಮೊದಲ ದಿನ ಅಜ್ಜಿ ಕಡಂಬುಟ್ಟು ಬಡಿಸಿದರು. ಆಕೆ ಥ್ಯಾಂಕ್ಯೂ ಎಂದಳು. ಪಂದಿ ಕರಿ ಹಾಕಿದರು, ಮತ್ತೆ ಥ್ಯಾಂಕ್ಯೂ. ನೀರು ಕೊಟ್ಟಾಗಲೂ ಅದೇ. ಅಜ್ಜಿ ನಕ್ಕುಬಿಟ್ಟರು. "ಮನೆ ಮಕ್ಕಳು ಹೀಗೆಲ್ಲ ಹೇಳ್ತಾರಾ? ಸುಮ್ನೆ ಊಟ ಮಾಡು ಮಗಳೇ."

ಅದು ಕಾಫಿ ಕುಯ್ಲಿನ ಕಾಲ. ತೋಟಕ್ಕೆ ಹೋದ ಹುಡುಗಿ ಗೊಂಚಲನ್ನೇ ಮುಷ್ಟಿಯಲ್ಲಿ ಹಿಡಿದು ಎಳೆದಳು. ಅಜ್ಜಿ ಅವಳ ಬೆರಳು ಹಿಡಿದು ಒಂದೊಂದೇ ಕೆಂಪು ಹಣ್ಣು ಬಿಡಿಸಿ ತೋರಿಸಿದರು. ಹಸಿರು ಕಾಯಿ ಗಿಡದಲ್ಲೇ ಉಳಿಯಿತು. ಕಲಿಸಲು ಬಂದವಳು ಕಲಿತ ಮೊದಲ ಪಾಠ ಅದು.

ಹೀಗೆ ಪರದೇಶದ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಓದಿಸುವ ಪದ್ಧತಿಯ ಹಿಂದೆ ಯುದ್ಧದ ನೋವಿದೆ. ಎರಡು ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಆಂಬುಲೆನ್ಸ್ ಸ್ವಯಂಸೇವಕರ ಸಂಸ್ಥೆ ಎಎಫ್‌ಎಸ್. ಅದೇ ಸಂಸ್ಥೆ 1947ರಲ್ಲಿ ವಿದ್ಯಾರ್ಥಿ ವಿನಿಮಯ ಆರಂಭಿಸಿತು. ಒಂದೇ ಒಲೆಯ ಅನ್ನ ಉಂಡವರಿಗೆ ಒಬ್ಬರನ್ನೊಬ್ಬರು ಶತ್ರುವೆನ್ನಲು ನಾಲಿಗೆ ಏಳುವುದಿಲ್ಲ.

ಹೊರಡುವ ದಿನ ಹುಡುಗಿ ಥ್ಯಾಂಕ್ಯೂ ಎನ್ನಲಿಲ್ಲ, ಅಜ್ಜಿಯ ಕಾಲು ಮುಟ್ಟಿದಳು. ಅಜ್ಜಿ ಹೋಗು ಎನ್ನಲಿಲ್ಲ, "ಹೋಗಿ ಬಾ" ಎಂದರು.

ನಮ್ಮ ಮಕ್ಕಳೂ ಇಂದು ದೂರದ ದೇಶಗಳಲ್ಲಿ ಓದುತ್ತಿದ್ದಾರೆ. ಅಲ್ಲೂ ಯಾವುದೋ ಅಜ್ಜಿ ಅವರಿಗೊಂದು ತಟ್ಟೆ ಇಟ್ಟಿರುತ್ತಾಳೆ. ನಮ್ಮ ಬಾಗಿಲಿಗೆ ಬಂದ ಮಗುವಿಗೆ ನಾವೂ ಒಂದು ತಟ್ಟೆ ಹೆಚ್ಚು ಇಡೋಣ.