ದೀಪ ಮರೆಮಾಡುವ ಸೇವೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡಿನ ಮಾತು, ನುಡಿಯ ಮಾತು ಬರುವುದು ವಾಡಿಕೆ. ಇಂದು ನಾವು ದೂರದ ಒಂದು ನಡುಗಡ್ಡೆಯ ಮಾತನ್ನು ಎತ್ತಿಕೊಂಡಿದ್ದೇವೆ. ಹೊಟ್ಟೆಪಾಡಿಗೆಂದು ಊರು ಬಿಟ್ಟು ಮುಂಬಯಿಯಲ್ಲಿ ನೆಲಸಿ, ಬಿಡುವಾದಾಗ ಸಂಘದ ಕೆಲಸಕ್ಕೆ ಕೈಹಚ್ಚುವ ನಮ್ಮಂಥವರು ಅಲ್ಲಿಂದ ತಿಳಿಯಬೇಕಾದದ್ದು ಇದೆ.

ಬ್ರಿಟನ್ನಿನ ವೇಲ್ಸ್ ನಾಡಿನ ಪಶ್ಚಿಮ ಕರಾವಳಿಯಾಚೆ ಸ್ಕೋಮರ್ ಎಂಬ ದ್ವೀಪವಿದೆ. ವಿಸ್ತಾರ 700 ಎಕರೆಗಿಂತ ತುಸು ಹೆಚ್ಚು. 1959ರಿಂದ ಅದು ರಾಷ್ಟ್ರೀಯ ನಿಸರ್ಗಧಾಮ. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳನ್ನು ನೋಡಲು ಬೇಸಗೆಯಲ್ಲಿ ದೋಣಿ ತುಂಬ ಜನ ಬರುತ್ತಾರೆ. ಜುಲೈ ಮುಗಿಯುತ್ತಲೇ ಪಫಿನ್‌ಗಳು ಕಡಲಿಗೆ ಹೊರಟುಹೋಗುತ್ತವೆ. ಇನ್ನೇನೂ ಉಳಿದಿಲ್ಲವೆಂದು ನೋಡುವವರಿಗೆ ತೋರುತ್ತದೆ. ಆದರೆ ಆ ಹೊತ್ತಿನಲ್ಲಿ ದ್ವೀಪದ ಬದುಕು ಇರುವುದು ನೆಲದ ಕೆಳಗೆ.

ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿ ಅಲ್ಲಿ ಬಿಲದೊಳಗೆ ಗೂಡು ಮಾಡುತ್ತದೆ. 2018ರ ಎಣಿಕೆಯಂತೆ ಸ್ಕೋಮರಿನಲ್ಲಿ ಇವು ಸುಮಾರು 3,50,000 ಜೊತೆ. ಇದೂ ಇದರ ನೆರೆಯ ದ್ವೀಪಗಳೂ ಸೇರಿದರೆ, ಪ್ರಪಂಚದಲ್ಲಿರುವ ಈ ಜಾತಿಯ ಹಕ್ಕಿಗಳ ಸುಮಾರು ಅರ್ಧಪಾಲು ಅಲ್ಲಿಯೇ ಸಂತಾನ ಬೆಳೆಸುತ್ತದೆ. ಆದರೂ ಹಗಲು ನೆಲದ ಮೇಲೆ ಅವುಗಳ ಸುಳಿವೇ ಇರದು. ಕಾಲುಗಳು ಮೈಯ ಹಿಂಬದಿಗಿರುವುದರಿಂದ ಅವು ಸರಿಯಾಗಿ ನಡೆಯಲಾರವು. ಬೆಳಕಿದ್ದರೆ ದೊಡ್ಡ ಗಲ್ ಹಕ್ಕಿಗಳಿಗೆ ತುತ್ತಾಗುತ್ತವೆ. ಆದಕಾರಣ ಗಾಢವಾದ ಕತ್ತಲಲ್ಲಿಯೇ ಬಂದು ಇಳಿಯುತ್ತವೆ.

ವರ್ಷಕ್ಕೆ ಒಂದೇ ಮೊಟ್ಟೆ. ಮರಿ ಕೊಬ್ಬಿ ತಂದೆತಾಯಿಗಳಿಗಿಂತಲೂ ಭಾರವಾಗುತ್ತದೆ. ಆಗ ಹಿರಿಯ ಹಕ್ಕಿಗಳು ಉಣಿಸುವುದನ್ನು ನಿಲ್ಲಿಸಿ ಹೊರಟುಬಿಡುತ್ತವೆ. ಒಂಟಿಯಾದ ಮರಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನವರೆಗಿನ ಯಾವುದೋ ಒಂದು ರಾತ್ರಿ, ದಾರಿ ತೋರುವವರಿಲ್ಲದೆ ಅಟ್ಲಾಂಟಿಕ್ ಸಾಗರಕ್ಕೆ ಬೀಳುತ್ತದೆ. ನಾವಿಲ್ಲಿ ರಾಜ್ಯೋತ್ಸವ ಆಚರಿಸುತ್ತಿರುವ ಈ ನವೆಂಬರಿನಲ್ಲಿ ಆ ಮರಿಗಳು ದಕ್ಷಿಣ ಅಮೆರಿಕದ ಕಡಲಿನಲ್ಲಿರುತ್ತವೆ. ಉಳಿದುಬಂದವು ಕೆಲವು ವರ್ಷಗಳ ತರುವಾಯ, ಎಷ್ಟೋ ಸಲ ಹುಟ್ಟಿದ ದ್ವೀಪಕ್ಕೇ ಮರಳಿ ಗೂಡು ಹೂಡುತ್ತವೆ. 50 ವರ್ಷ ಮೀರಿ ಬಾಳಿದ ಹಕ್ಕಿಗಳೂ ಉಂಟು.

1952ರಲ್ಲಿ ಪಕ್ಕದ ಸ್ಕೋಕ್‌ಹೋಮ್ ದ್ವೀಪದ ಹಕ್ಕಿಯೊಂದನ್ನು ವಿಮಾನದಲ್ಲಿ ಒಯ್ದು ಅಮೆರಿಕದ ಬಾಸ್ಟನ್ನಿನಲ್ಲಿ ಬಿಟ್ಟರು. ಅದು 3,000 ಮೈಲಿಗೂ ಮಿಕ್ಕ ಹಾದಿಯನ್ನು ಹನ್ನೆರಡೂವರೆ ದಿನಗಳಲ್ಲಿ ಕ್ರಮಿಸಿ ತನ್ನ ಬಿಲಕ್ಕೇ ಬಂದಿತು. ಹಕ್ಕಿಯನ್ನು ಬಿಟ್ಟಿದ್ದೇವೆಂದು ಬಾಸ್ಟನ್ನಿನಿಂದ ಬರೆದ ಕಾಗದ ಹಕ್ಕಿಯ ಹಿಂದಿನಿಂದ ಬಂದಿತು!

ಇಂಥ ಜೀವಿಯ ತವರನ್ನು ಕಾಯುವವರು ಯಾರು? ಸಂಬಳದ ಕಾವಲುಗಾರರು ಬೆರಳೆಣಿಕೆಯಷ್ಟು. ಉಳಿದವರು ವಾರಕ್ಕೊಂದು ತಂಡದಂತೆ ಬರುವ ಸ್ವಯಂಸೇವಕರು. ಬೇರೆ ಬೇರೆ ಕಸುಬಿನ ಸಾಮಾನ್ಯ ಜನ. ವಾರದ ದಿನಸಿಯನ್ನು ತಾವೇ ಹೊತ್ತು, ದೋಣಿಯಿಂದಿಳಿದು ಕಡಿದಾದ ಮೆಟ್ಟಿಲು ಹತ್ತುತ್ತಾರೆ. ಬಂದ ಪ್ರವಾಸಿಗರಿಗೆ ನಿಯಮ ತಿಳಿಸುವುದು, ದಾರಿಗೆ ಬಾಗಿದ ಜರೀಗಿಡ ಸವರುವುದು, ಕಾಲುಹಾದಿ ಸರಿಪಡಿಸುವುದು, ಎಣಿಕೆಗೆ ನೆರವಾಗುವುದು ಅವರ ಕೆಲಸ. ಆಗಸ್ಟ್ ಕೊನೆಗೆ ಬೂದು ಸೀಲ್‌ಗಳು ಕಡಲಂಚಿನಲ್ಲಿ ಬಿಳಿ ತುಪ್ಪಳದ ಮರಿ ಹಾಕತೊಡಗುತ್ತವೆ, ಅವನ್ನೂ ಲೆಕ್ಕವಿಡಬೇಕು.

ಆದರೆ ಆ ಸೇವೆಯ ಹೆಚ್ಚಿನ ಪಾಲು ಏನನ್ನೂ ಮಾಡದಂತೆ ತಡೆದುಕೊಳ್ಳುವುದೇ ಆಗಿದೆ. ಹಾದಿ ಬಿಟ್ಟು ಒಂದು ಹೆಜ್ಜೆ ಇಟ್ಟರೂ ಬಿಲ ಕುಸಿದು ಒಳಗಿನ ಮರಿ ಸಾಯಬಹುದು. ಗಂಟುಮೂಟೆಯಲ್ಲಿ ಇಲಿಯೊಂದು ನುಸುಳಿ ಬಂದರೆ ನೆಲದೊಳಗಿನ ಗೂಡುಗಳಿಗೆ ಉಳಿಗಾಲವಿಲ್ಲ. ಹತ್ತಿರದ ರ‍್ಯಾಮ್ಸಿ ದ್ವೀಪದಲ್ಲಿ ಇಲಿಗಳ ದೆಸೆಯಿಂದ ಈ ಹಕ್ಕಿ ಕ್ಷೀಣಿಸಿತ್ತು. 1999-2000ರಲ್ಲಿ ಇಲಿಗಳನ್ನು ತೊಲಗಿಸಿದ ಮೇಲೆ ಹಲವು ಪಟ್ಟು ಹೆಚ್ಚಿತು. ಇನ್ನು ದೀಪ. ಹೊಸದಾಗಿ ಹಾರುವ ಮರಿ ಬೆಳಕಿಗೆ ಮರುಳಾಗಿ ದಾರಿ ತಪ್ಪುತ್ತದೆ. ನಮ್ಮ ಸಮಾರಂಭಗಳು ದೀಪ ಬೆಳಗಿ ಪ್ರಾರಂಭವಾಗುತ್ತವೆ. ಅಲ್ಲಿ ಸಂಜೆಯಾದೊಡನೆ ಕಿಟಕಿಗೆ ಪರದೆ ಎಳೆದು ದೀಪವನ್ನು ಮರೆಮಾಡುತ್ತಾರೆ. ಅದೂ ಸೇವೆಯೇ.

ನಮ್ಮವರು ಇದರಲ್ಲಿ ತೀರ ಹಿಂದೆ ಬಿದ್ದವರಲ್ಲ. ಇದೇ ಮುಂಬಯಿಯಲ್ಲಿ ಹುಟ್ಟಿದ ಡಾ. ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಅರಸರು 1940ರಲ್ಲಿಯೇ ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟನ್ನು ಪಕ್ಷಿಧಾಮವೆಂದು ಸಾರಿದರು. ರಜೆಯಲ್ಲಿ ಮಕ್ಕಳನ್ನು ಊರಿಗೆ ಕರೆದೊಯ್ಯುವಾಗ ಅದನ್ನು ತೋರಿಸಿರಿ. ಅಲ್ಲಿ ಗದ್ದಲ ಮಾಡದಿರುವುದನ್ನೂ ಕಲಿಸಿರಿ.

ಸ್ಕೋಮರಿನ ಸ್ವಯಂಸೇವಕನು ಶನಿವಾರ ದೋಣಿ ಹತ್ತಿ ಮನೆಗೆ ಹೋಗುತ್ತಾನೆ. ಅವನು ಕಾದ ಮರಿ ಮರಳಿತೋ ಇಲ್ಲವೋ ಅವನಿಗೆ ತಿಳಿಯುವುದಿಲ್ಲ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರ ತಿದ್ದಿಸುವವರ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ. ಕಲಿತ ಮಕ್ಕಳು ದೆಹಲಿಗೋ ವಿದೇಶಕ್ಕೋ ಹೋದಾರು. ಕನ್ನಡವನ್ನು ಉಳಿಸಿಕೊಂಡರೋ ಎಂಬುದು ಕಲಿಸಿದವರ ಕಣ್ಣಿಗೆ ಬೀಳಲಿಕ್ಕಿಲ್ಲ. ಹಕ್ಕಿ ತನ್ನ ಸ್ವಭಾವದಿಂದ ಮರಳುತ್ತದೆ. ಮಕ್ಕಳಿಗೆ ಅಂಥ ಕಟ್ಟಿಲ್ಲ, ಇರಲೂ ಬಾರದು. ಅವರಾಗಿ ಬಂದ ದಿನ ಬಿಲ ಕುಸಿಯದೆ ಇರುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ. ಅದಕ್ಕೆ ವಾರದಲ್ಲಿ ಒಂದು ಗಂಟೆ ಕೊಡಬಲ್ಲವರು ಇಂದೇ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಬೇಕೆಂದು ಬೇಡುತ್ತೇವೆ.